ನೀರುಗಂಟಿಯ ಕೀಲಿ

ಊರಿಗೆ ನೀರು ಬಿಡುತ್ತಿದ್ದ ನೀರುಗಂಟಿ ಸತ್ತ ಮೇಲೆ ಅವನ ಕೆಲಸದ ಜೊತೆಗೆ ವಾಲ್ವು ತಿರುಗಿಸುವ ಕಬ್ಬಿಣದ ಕೀಲಿಯೂ ಹೆಂಡತಿಯ ಕೈಗೆ ಬಂತು. ತೋಳುದ್ದದ ಕೀಲಿ. ಹದಿನೆಂಟು ವರ್ಷ ಅವನ ಹಿಡಿತಕ್ಕೆ ಸವೆದು ನುಣ್ಣಗಾಗಿತ್ತು. ಗಂಡನದೆಂದು ಅವಳಿಗೆ ಉಳಿದದ್ದು ಅದೊಂದೇ. ಮಲಗುವಾಗಲೂ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು.

ಒಂದು ದಿನ ಆ್ಯಪ್ ಮಾಡುವ ಹುಡುಗಿ ಬಂದಳು. ನೀರು ಬರುವ ಹೊತ್ತನ್ನು ಮನೆಮನೆಯ ಫೋನಿಗೆ ತಿಳಿಸುತ್ತಾಳಂತೆ. ಊರವರನ್ನು ಕೇಳಿಯೇ ಮಾಡುತ್ತಾಳಂತೆ.

“ಅಮ್ಮಾ, ಯಾವ ಬೀದಿಗೆ ಎಷ್ಟು ಗಂಟೆಗೆ ಬಿಡ್ತೀರಿ?”

ಬೆರಳು ಕೊಟ್ಟರೆ ಹಸ್ತ ನುಂಗುವವರು. ಇವತ್ತು ಹೊತ್ತು ಕೇಳುತ್ತಾಳೆ, ನಾಳೆ ಕೀಲಿ ಕೇಳುತ್ತಾಳೆ, ಎಂದುಕೊಂಡಳು ನೀರುಗಂಟಿಯ ಹೆಂಡತಿ.

“ಮೇಲಿನ ಬೀದಿಗೆ ಆರು, ನಡುಬೀದಿಗೆ ಏಳು, ಕೊನೆಬೀದಿಗೆ ಎಂಟು,” ಎಂದು ಬಾಯಿಗೆ ಬಂದದ್ದು ಹೇಳಿದಳು.

ಗಂಡ ಗಡಿಯಾರ ನೋಡಿದವನೇ ಅಲ್ಲ. ವಾಲ್ವಿಗೆ ಸಿಕ್ಕಿಸಿದ ಕೀಲಿಗೆ ಕಿವಿ ಒತ್ತುತ್ತಿದ್ದ. ಕೊಳವೆಯ ಗುರುಗುರು ಅಡಗಿದರೆ ಆ ಬೀದಿಗೆ ಸಾಕಾಯಿತೆಂದು ಮುಂದಿನ ಬೀದಿಗೆ ಬಿಡುತ್ತಿದ್ದ. ಅವಳಿಗೂ ಹಾಗೇ ಕಲಿಸಿದ್ದ. ಅದನ್ನು ಅವಳು ಬಾಯಿಬಿಡಲಿಲ್ಲ.

ವಾರ ಕಳೆದು ಫೋನುಗಳು ಕೂಗಿದವು. ಎಂಟಕ್ಕೆ ಕೊನೆಬೀದಿಯವರು ಕೊಡ ಹಿಡಿದು ಬಂದರೆ ನಲ್ಲಿ ಒಣಗಿತ್ತು.

“ಈ ಫೋನು ನಮ್ಮ ಯಜಮಾನ್ರ ಹಾಗೇ ಕಣ್ರೇ. ಬಂದೆ ಬಂದೆ ಅನ್ನತ್ತೆ, ಬರಲ್ಲ,” ಎಂದಳು ದರ್ಜಿಯ ಹೆಂಡತಿ. ಎಲ್ಲರೂ ನಕ್ಕರು. ನೀರುಗಂಟಿಯ ಹೆಂಡತಿಗೆ ಹೊಟ್ಟೆ ತಣ್ಣಗಾಯಿತು.

ಆಗ ಕುಂಟಜ್ಜಿ ಕಂಡಳು. ಗೋಡೆ ಹಿಡಿದು ಬಿಸಿಲಲ್ಲಿ ನಿಂತಿದ್ದಳು, ಕಾಲು ನಡುಗುತ್ತಿತ್ತು. ಮೊದಲೆಲ್ಲ ನಲ್ಲಿಯ ಸದ್ದು ಕೇಳಿದ ಮೇಲೇ ಮನೆಯಿಂದ ಹೊರಡುತ್ತಿದ್ದವಳು.

“ನಿನ್ನ ಗಂಡ ಇದ್ದಿದ್ರೆ ನನ್ನ ಹೀಗೆ ನಿಲ್ಲಿಸ್ತಿರಲಿಲ್ಲ ಕಣೇ,” ಎಂದಳು ಅಜ್ಜಿ.

ನಿಜವೇ. ಅಜ್ಜಿಯ ಕೊಡ ತುಂಬುವ ತನಕ ಅವನು ವಾಲ್ವು ಮುಚ್ಚುತ್ತಿರಲಿಲ್ಲ.

ಮರುದಿನ ನೀರುಗಂಟಿಯ ಹೆಂಡತಿಯೇ ಹುಡುಗಿಯನ್ನು ಕರೆಸಿದಳು.

“ನಿನ್ನ ಫೋನಿನ ತಪ್ಪಲ್ಲ. ಸುಳ್ಳು ಹೇಳಿದ್ದು ನಾನು. ಕೀಲಿ ಕಿತ್ಕೋತೀಯ ಅಂತ.”

“ಕೀಲಿ ನನಗ್ಯಾಕಮ್ಮ? ತಿರುಗಿಸೋಕೂ ಬರಲ್ಲ.”

“ಮೊದಲು ಎಲ್ರೂ ಹಾಗೇ ಅನ್ನೋದು.”

ಆದರೂ ವಾಲ್ವಿನ ಬಳಿ ಕರೆದೊಯ್ದು ಹುಡುಗಿಯ ಕಿವಿಯನ್ನು ಕೀಲಿಗೆ ಒತ್ತಿಸಿದಳು. ಹುಡುಗಿ ಬಹಳ ಹೊತ್ತು ಕೇಳಿದಳು. ಆಮೇಲೆ ಆ್ಯಪ್‌ನಲ್ಲಿದ್ದ ಗಂಟೆಗಳನ್ನೆಲ್ಲ ಅಳಿಸಿ, ನೀರುಗಂಟಿಯ ಹೆಂಡತಿಯ ಫೋನಿನಲ್ಲಿ ಬೀದಿಗೊಂದು ಒತ್ತುವ ದೊಡ್ಡ ಗುಂಡಿ ಇಟ್ಟಳು. ವಾಲ್ವು ತೆರೆದು ಗುಂಡಿ ಒತ್ತಿದರೆ ಆ ಬೀದಿಯ ಫೋನುಗಳು ಕೂಗಬೇಕು.

“ಒತ್ತದಿದ್ರೆ?”

“ಒಂದು ಫೋನೂ ಬಾಯಿ ಬಿಡಲ್ಲ.”

ಮರುದಿನ ಬೆಳಿಗ್ಗೆ ನೀರುಗಂಟಿಯ ಹೆಂಡತಿ ಕೀಲಿ ತಿರುಗಿಸಿದಳು, ಕಿವಿಗೊಟ್ಟಳು, ಗುಂಡಿ ಒತ್ತಿದಳು. ಕೊನೆಬೀದಿಯಲ್ಲಿ ಕುಂಟಜ್ಜಿ ಹೊರಬಂದಳು. ನಲ್ಲಿ ಸುರಿಯುತ್ತಿತ್ತು. ಅಜ್ಜಿಯ ಕೊಡ ತುಂಬುವುದನ್ನು ಕಣ್ಣಾರೆ ಕಂಡೇ ಇವಳು ವಾಲ್ವು ಮುಚ್ಚಿದಳು.

ಮರಳುವಾಗ, ಜೊತೆಗೆ ಬಂದಿದ್ದ ಹುಡುಗಿ ಕೀಲಿಗೆ ಕೈ ಚಾಚಿದಳು. “ಭಾರ ಅಲ್ವಾ ಅಮ್ಮ? ಕೊಡಿ, ಹಿಡ್ಕೋತೀನಿ.”

ಅವಳು ಕೀಲಿಯನ್ನು ಆಚೆ ಹೆಗಲಿಗೆ ಬದಲಾಯಿಸಿದಳು.

“ಏನೂ ಭಾರ ಇಲ್ಲ. ನೀನು ಮುಂದೆ ನಡಿ.”