ಒಂದೇ ಓಟದ ಓದು

ಆಸ್ಪತ್ರೆಯ ವಿಚಾರಣೆ ಕಿಟಕಿಯ ಹಿಂದೆ ಹತ್ತೊಂಬತ್ತು ವರ್ಷ ಕೂತು ಊರಿಗೆಲ್ಲ ಉತ್ತರ ಹೇಳಿದವಳಿಗೆ ಪರೀಕ್ಷೆಯೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ದಾಖಲೆ ವಿಭಾಗದ ಮೇಲ್ವಿಚಾರಕಿಯಾಗಲು ಇಲಾಖೆಯ ಪರೀಕ್ಷೆ ಪಾಸಾಗಬೇಕು. ಎರಡು ಸಲ ಡುಮ್ಕಿ ಹೊಡೆದಿದ್ದಳು. ವಯಸ್ಸಿನ ಮಿತಿ ಮೀರುವ ಮೊದಲು ಉಳಿದದ್ದು ಇದೊಂದೇ ಸಲ. ತಪ್ಪಿದರೆ ನಿವೃತ್ತಿಯವರೆಗೂ ಅದೇ ಕಿಟಕಿ, ಅದೇ ಕಾಲು ಅಲ್ಲಾಡುವ ಕುರ್ಚಿ.

ಅವಳನ್ನು ಮುಳುಗಿಸುತ್ತಿದ್ದದ್ದು ಗದ್ಯಭಾಗ ಓದಿ ಉತ್ತರಿಸುವ ಪತ್ರಿಕೆ. ಗದ್ಯಭಾಗ ಐದು, ಸಮಯ ಮೂವತ್ತೈದು ನಿಮಿಷ. ಇವಳದೋ ಅಕ್ಕಿಯಲ್ಲಿ ಕಲ್ಲು ಆರಿಸಿದಂಥ ಓದು. ಒಂದೊಂದು ಸಾಲನ್ನೂ ಎರಡೆರಡು ಸಲ ನೋಡಿ ಮೂರನೆಯ ಭಾಗ ಮುಗಿಸುವಷ್ಟರಲ್ಲಿ ಗಂಟೆ ಹೊಡೆದುಬಿಡುತ್ತಿತ್ತು.

ಕಾಲೇಜಿಗೆ ಹೋಗುವ ಮಗಳು ಈ ಸಲ ಗುರುವಾದಳು. ಮೊದಲು ಪ್ರಶ್ನೆ ನೋಡಬೇಕು, ಅದರಲ್ಲಿರುವ ಪದವನ್ನು ಗದ್ಯದಲ್ಲಿ ಹುಡುಕಬೇಕು, ಸಿಕ್ಕ ಕೂಡಲೇ ಗುರುತು ಹಾಕಿ ಮುಂದೆ ಹೋಗಬೇಕು ಎಂಬುದು ಅವಳ ಉಪದೇಶ. ಹಾಗೆ ಮಾಡಿದರೆ ಸಮಯವೇನೋ ಮಿಕ್ಕಿತು, ಉತ್ತರಗಳು ಅರ್ಧಕ್ಕರ್ಧ ತಪ್ಪಾದವು. ಮೊದಲ ಸಾಲಿನಲ್ಲಿ ಕಂಡ ಪದಕ್ಕೆ ಇವಳು ಜೋತುಬಿದ್ದರೆ, ಐದನೆಯ ಸಾಲು ಬಂದು ಅದನ್ನು ಬುಡಮೇಲು ಮಾಡಿರುತ್ತಿತ್ತು. ಯಾವ ದಾರಿ ಹಿಡಿಯಬೇಕೆಂದು ತಿಳಿಯದೆ ಒದ್ದಾಡಿದಳು.

ಪರೀಕ್ಷೆಗೆ ವಾರವಿದ್ದಾಗ ಕಿಟಕಿಗೆ ವಯಸ್ಸಾದವರೊಬ್ಬರು ಬಂದರು. ತಮ್ಮ ಹೆಂಡತಿ ಮೂರನೇ ಮಹಡಿಯಲ್ಲಿ ಎಂದು ಅವರು ಶುರುಮಾಡುವುದೇ ತಡ, ಇವಳು ಎಡಗಡೆಯ ಲಿಫ್ಟು, ಬಲಗಡೆಯ ವಾರ್ಡು ಎಂದು ಗಿಣಿಪಾಠ ಒಪ್ಪಿಸಿ ಮುಂದಿನವರನ್ನು ಕರೆದಳು. ಅವರು ಸಾಲಿನ ಕೊನೆಗೆ ಹೋಗಿ ನಿಂತು, ಅರ್ಧ ಗಂಟೆಯ ಮೇಲೆ ಮತ್ತೆ ಕಿಟಕಿಗೆ ಬಂದರು. ಈ ಸಲ ಇವಳು ಅವರ ಮಾತು ಪೂರ್ತಿ ಮುಗಿಯಲೆಂದು ಕಾದಳು.

"ನಾನು ಮೂರನೇ ಮಹಡಿಯಿಂದಾನೇ ಬಂದೆ ತಾಯಿ," ಎಂದರು ಅವರು. "ಮಂಚ ಖಾಲಿ ಇದೆ. ಅವಳನ್ನ ಎಲ್ಲಿಗೆ ಕರ್ಕೊಂಡು ಹೋದ್ರು ಅಂತ ಕೇಳ್ಬೇಕಿತ್ತು."

ಇವಳು ಕೂಡಲೇ ವಾರ್ಡಿಗೆ ಫೋನು ಮಾಡಿ ವಿಚಾರಿಸಿದರೆ, ಸ್ಕ್ಯಾನಿಂಗಿಗೆ ಕರೆದೊಯ್ದಿದ್ದರಂತೆ, ಅಷ್ಟೇ. ಆದರೆ ಖಾಲಿ ಮಂಚ ಕಂಡ ಆ ಜೀವ ಅರ್ಧ ಗಂಟೆ ಏನೇನು ಅಂದುಕೊಂಡಿತೋ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಗದ್ಯಭಾಗಗಳಲ್ಲಿ ತಾನು ಮಾಡುತ್ತಿದ್ದ ತಪ್ಪೂ ಇದೇ ಎಂದು ಹೊಳೆದದ್ದು ಮನೆಗೆ ಹೋಗುವ ಬಸ್ಸಿನಲ್ಲಿ.

ಅಂದಿನಿಂದ ತನ್ನದೇ ಕ್ರಮ ಹಿಡಿದಳು. ಮೊದಲಿನಿಂದ ಕೊನೆಯವರೆಗೆ ಒಂದೇ ಓಟ, ನಡುವೆ ಹಿಂತಿರುಗಿ ನೋಡುವಂತಿಲ್ಲ, ಪ್ರಶ್ನೆ ಏನಿದ್ದರೂ ಆಮೇಲೆ. ಮಗಳು ಗೊಣಗಿದರೂ ಜಗ್ಗಲಿಲ್ಲ. ಪರೀಕ್ಷೆಯಲ್ಲಿ ನಾಲ್ಕು ಭಾಗ ಮುಗಿದವು, ಐದನೆಯದು ಅರ್ಧಕ್ಕೇ ನಿಂತಿತು. ಬಿಟ್ಟುಬಂದ ಮೂರು ಪ್ರಶ್ನೆಗಳ ಕಥೆ ಕೇಳಿ ಮಗಳು ಹಣೆ ಚಚ್ಚಿಕೊಂಡಳು.

ಎರಡು ತಿಂಗಳಾದ ಮೇಲೆ ಕಚೇರಿಯ ಫಲಕದಲ್ಲಿ ಪಾಸಾದವರ ಪಟ್ಟಿ ಅಂಟಿಸಿದರು. ತಾಯಿ ಮಗಳು ಇಬ್ಬರೂ ಹೋದರು.

"ನೇರ ನಿನ್ನ ಹೆಸರು ಹುಡುಕಮ್ಮ," ಎಂದಳು ಮಗಳು.

"ಸುಮ್ನಿರೇ, ಮೊದಲಿಂದ ಓದ್ತೀನಿ."

ಒಂದನೆಯ ಹೆಸರಿಗೆ ಬೆರಳಿಟ್ಟು ಕೆಳಗಿಳಿದಳು. ಅರ್ಧ ಪಟ್ಟಿ ಮುಗಿಯಿತು, ಮುಕ್ಕಾಲು ಮುಗಿಯಿತು. ಮಗಳು ಆಗಲೇ ಮುಖ ಆಚೆ ತಿರುಗಿಸಿದ್ದಳು. ಇವಳು ಬೆರಳು ತೆಗೆಯಲಿಲ್ಲ. ಪಟ್ಟಿಯ ಕಟ್ಟಕಡೆಯ ಹೆಸರು ಇವಳದಾಗಿತ್ತು.