‘ಮನೆಯವರು’ ಎಂಬ ಫೋಲ್ಡರ್

ಮರಳಿ ಊರಿನ ರಸ್ತೆಯಲ್ಲಿ ನಮ್ಮದೊಂದು ವೇಬ್ರಿಡ್ಜ್ ಇದೆ. ಭತ್ತದ ಲಾರಿ, ಟ್ರ್ಯಾಕ್ಟರ್ ತೂಗುತ್ತೇವೆ. ತೂಕವನ್ನು ಯಂತ್ರದಿಂದ ಕಂಪ್ಯೂಟರಿಗೆ ತರುವ ಪ್ರೋಗ್ರಾಮನ್ನು ನನ್ನ ಗಂಡ ತಾವೇ ಸಿ ಭಾಷೆಯಲ್ಲಿ ಬರೆದಿದ್ದರು. ಅವರು ತೀರಿಕೊಂಡ ವರ್ಷವೇ ಹಳೆಯ ಕಂಪ್ಯೂಟರೂ ಕೈಕೊಡತೊಡಗಿತು. ಹೊಸದರಲ್ಲಿ ಚೀಟಿ ಮುದ್ರಿಸುವ ಪ್ರೋಗ್ರಾಮ್ ಪೈಥಾನ್ ಭಾಷೆಯದು. ಎರಡೂ ಭಾಷೆಗಳು ಮಾತಾಡಿಕೊಳ್ಳಬೇಕಾದರೆ ನಡುವೆ ಒಂದು ಸೇತುವೆಯನ್ನು ಕಂಪೈಲ್ ಮಾಡಬೇಕು, ಅಂದರೆ ಬರೆದದ್ದನ್ನು ಯಂತ್ರಕ್ಕೆ ತಿಳಿಯುವ ರೂಪಕ್ಕೆ ತರಬೇಕು. ಸುಗ್ಗಿಯೊಳಗೆ ಅದು ಆಗದಿದ್ದರೆ ಸಿದ್ಧ ಪ್ರೋಗ್ರಾಮ್ ಕೊಂಡು ತಂದು, ಅವರದನ್ನು ಅಳಿಸಬೇಕು. ಅದೊಂದು ನನಗೆ ಬೇಡವಾಗಿತ್ತು.

ಮದುವೆಗೆ ಮುಂಚೆ ಗಂಗಾವತಿಯಲ್ಲಿ ಆರು ತಿಂಗಳ ಕೋರ್ಸ್ ಮಾಡಿದ್ದೆ. ಆ ಸರ್ಟಿಫಿಕೇಟಿನ ಧೈರ್ಯದ ಮೇಲೆ ಕೂತೆ. ಕಂಪೈಲರ್ ಪ್ರತಿ ಸಲವೂ ತಪ್ಪಿನ ಸಾಲುಗಳನ್ನೇ ಉಗುಳಿತು. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಕೋರ್ಸಿನಲ್ಲಿ ಚೆನ್ನಾಗಿ ಕಲಿತದ್ದು ಅದೊಂದೇ. ಕಂಪೈಲರನ್ನೇ ತೆಗೆದು ಮತ್ತೆ ಹಾಕಿದೆ. ಊದಿನಕಡ್ಡಿಯನ್ನೂ ಹಚ್ಚಿದೆ.

ಕೊನೆಗೆ, ಕುಷ್ಟಗಿಯಲ್ಲಿ ಕಂಪ್ಯೂಟರ್ ಕಲಿಸುವ ನಾದಿನಿಗೆ ಫೋನ್ ಹಚ್ಚಿದೆ. ಫೋಟೊ ಕಳಿಸುವಂಥ ಫೋನ್ ಆಗ ನನ್ನಲ್ಲಿರಲಿಲ್ಲ. ತಪ್ಪಿನ ಸಾಲನ್ನು ಓದಿ ಹೇಳಿದೆ; ಯಾವ ಫೋಲ್ಡರಿನೊಳಗಿನ ಯಾವ ಫೈಲು ಎಂಬ ವಿಳಾಸ ಅದರಲ್ಲಿ ‘ಹೋಮ್’ನಿಂದ ಶುರುವಾಗುತ್ತಿತ್ತು.

“ಹೋಮ್ ಆದ ಮ್ಯಾಲೆ ಏನೈತ್ರಿ, ವೈನಿ?”

“ತೂಕ ಅಂತ ಐತಿ.”

“ನಡುವ ಏನೂ ಇಲ್ಲೇನ್ರಿ?”

ಪರದೆಯ ಮೇಲೆ ಆ ನಡುವಿನ ಹೆಸರನ್ನು ಬೆರಳಿನಿಂದ ಮುಚ್ಚಿದೆ.

“ಅಣ್ಣನ ಹೆಸರು ನುಂಗೀರಿ, ಹೌದಿಲ್ಲೋ? ಒಡಪು ಹಾಕಾಕ ಅದೇನು ಮದುವಿ ಮನಿ ಏನ್ರಿ?”

ಅವರ ಫೋಲ್ಡರಿಗೆ ಅವರದೇ ಹೆಸರಿತ್ತು. ಹೊಸ ಕಂಪ್ಯೂಟರಿಗೆ ನಕಲು ಮಾಡುವಾಗ ಆ ಹೆಸರು ಟೈಪ್ ಮಾಡಲು ಕೈ ಬಾರದೆ ‘ಮನೆಯವರು’ ಎಂದು ಬದಲಿಸಿದ್ದೆ. ಕಂಪೈಲರ್ ಪ್ರೋಗ್ರಾಮಿನೊಳಗೆ ಬರೆದಿದ್ದ ಹಳೆಯ ಹೆಸರನ್ನೇ ಹುಡುಕಿ, ಅಂಥದ್ದು ಇಲ್ಲಿಲ್ಲ ಎನ್ನುತ್ತಿತ್ತು. ಇಲ್ಲ ಎನ್ನುವುದು ನನಗೂ ಗೊತ್ತಿತ್ತು.

ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ. ಮದುವೆಯಲ್ಲಿ ಒಡಪಿನ ಪದ್ಯದ ಸಾಲುಗಳ ನಡುವೆ ಬಚ್ಚಿಟ್ಟು ಹೇಳಿದ್ದು ಬಿಟ್ಟರೆ ನಾನು ಎಂದೂ ಹೇಳಿರಲಿಲ್ಲ. ಆದರೂ ಅವರು ಐವತ್ತು ಮುಟ್ಟಲಿಲ್ಲ. ಇನ್ನು ಯಾರ ಆಯುಷ್ಯ ಕಾಯುತ್ತಿದ್ದೆನೋ.

ಸೆರಗು ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ ಫೋಲ್ಡರಿಗೆ ಅವರ ಹೆಸರಿಟ್ಟೆ. ಮತ್ತೆ ಕಂಪೈಲ್ ಮಾಡಿದೆ.

“ಈಗ ಏನಂತೈತ್ರಿ?”

“ಏನೂ ಅನ್ನವಲ್ದು.”

“ಏನೂ ಅನ್ನಲಿಲ್ಲಂದ್ರ ಆತು ಅಂತ ತಿಳೀರಿ.”

ಅಡುಗೆ ಚೆನ್ನಾಗಿ ಆದ ದಿನ ಅವರೂ ಏನೂ ಅನ್ನುತ್ತಿರಲಿಲ್ಲ.

ಹೊರಗೆ ಭತ್ತದ ಟ್ರ್ಯಾಕ್ಟರ್ ಬಂದು ನಿಂತಿತ್ತು. ಪರದೆಯ ಮೇಲೆ ತೂಕ ಮೂಡಿತು. ಚೀಟಿ ಹರಿದು ಕೊಟ್ಟೆ.