ಆ ತಿಂಗಳು ಕಂಪ್ಯೂಟರ್ ಆಫ್ ಆಗುತ್ತಿತ್ತು

ತಂಬಾಕು ಬಿಟ್ಟ ಹನ್ನೊಂದನೇ ದಿನ ನನ್ನ ಕಂಪ್ಯೂಟರ್ ಮೊದಲ ಸಲ ತಾನಾಗಿ ಆಫ್ ಆಯಿತು. ಪತ್ರಿಕೆ ಮಾಡಿಸಲು ಬಂದಿದ್ದ ಅಣ್ಣತಮ್ಮಂದಿರಿಬ್ಬರು ನನ್ನ ಬೆನ್ನ ಹಿಂದೆ ಕುರ್ಚಿ ಹಾಕಿಕೊಂಡು, ತಮ್ಮ ತಂಗಿಯ ಲಗ್ನಪತ್ರಿಕೆಯಲ್ಲಿ ಯಾವ ದೊಡ್ಡಪ್ಪನ ಹೆಸರು ಮೇಲೆ ಬರಬೇಕೆಂದು ವಾದ ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು.

"ಕರೆಂಟ್ ಹೋತೇನ್ರಿ?" ಎಂದ ಅವರಲ್ಲಿ ದೊಡ್ಡವನು.

ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಡಿಟಿಪಿ ಅಂಗಡಿ. ಆ ಕಂಪ್ಯೂಟರನ್ನು ಎರಡು ವರ್ಷದ ಹಿಂದೆ ನಾನೇ ಜೋಡಿಸಿದ್ದೆ. ಹೊಸಪೇಟೆಯಿಂದ ಒಂದೊಂದೇ ಭಾಗ ತಂದು, ಮೊಬೈಲಿನಲ್ಲಿ ವಿಡಿಯೊ ನೋಡುತ್ತ ಸ್ಕ್ರೂ ಬಿಗಿದಿದ್ದೆ. ಬಂದವರಿಗೆಲ್ಲ ಅದನ್ನು ಹೇಳಿಕೊಳ್ಳದೆ ಬಿಟ್ಟವನಲ್ಲ.

ತಂಬಾಕು ಬಿಟ್ಟಿದ್ದರ ಕಾರಣ ಮಾತ್ರ ಯಾರಿಗೂ ಹೇಳಿರಲಿಲ್ಲ. ಹಲ್ಲು ತೋರಿಸಲು ದಾವಣಗೆರೆಗೆ ಹೋಗಿದ್ದಾಗ ಡಾಕ್ಟರು ನನ್ನ ಬಲಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಂಡಿದ್ದರು. ಇವತ್ತಿಗೇ ಬಿಡಿ, ಒಂದು ತಿಂಗಳಿಗೆ ಬನ್ನಿ, ಕಮ್ಮಿ ಆಗದಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ ಎಂದಿದ್ದರು. ಹೆಂಡತಿಗೆ ನಾನು, ಬಾಯಿ ವಾಸನೆ ಬರುತ್ತದೆಂದು ಬಿಟ್ಟೆ ಎಂದೆ. ಅವಳು ಖುಷಿಪಟ್ಟಳು. ನನ್ನ ನಾಲಿಗೆ ಹಗಲೆಲ್ಲ ಆ ಜಾಗಕ್ಕೇ ಹೋಗಿ ಬರುತ್ತಿತ್ತು.

ಕಂಪ್ಯೂಟರಿನ ಕಾಟ ಶುರುವಾದದ್ದು ಇದರ ನಡುವೆ. ಒಂದು ದಿನ ಮೂರು ಸಲ ಆಫ್ ಆದರೆ ಇನ್ನೊಂದು ದಿನ ಒಮ್ಮೆಯೂ ಇಲ್ಲ. ಮೊದಲು ಯುಪಿಎಸ್ ಮೇಲೆ ಅನುಮಾನಪಟ್ಟು, ಅದನ್ನು ತೆಗೆದು ನೇರ ಗೋಡೆಯ ಪ್ಲಗ್ಗಿಗೆ ಹಾಕಿದೆ. ಆಮೇಲೆ ಬಿಸಿಯಾಗುತ್ತಿರಬೇಕೆಂದು ಬಣ್ಣ ಹಚ್ಚುವ ಬ್ರಷ್ಷಿನಿಂದ ಧೂಳು ತೆಗೆದೆ. ಪರದೆಯ ಮೂಲೆಯಲ್ಲಿ ಪ್ರೊಸೆಸರಿನ ಬಿಸಿ ತೋರಿಸುವ ಅಂಕಿ ಇಟ್ಟುಕೊಂಡು, ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂತೆ. ಅಂಕಿ ಸರಿಯಾಗಿಯೇ ಇತ್ತು. ಅದು ಸರಿಯಾಗಿರುವಾಗಲೇ ಯಂತ್ರ ಆರಿತು. ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಅದೂ ಕೆಲಸಕ್ಕೆ ಬರಲಿಲ್ಲ.

ಕೊಟ್ಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯನಿದ್ದಾನೆ. ಸಿಪಿಯು ಡಬ್ಬವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅವನು ಅದನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಎರಡು ದಿನ ಓಡಿಸಿದ. ಒಮ್ಮೆಯೂ ಆಫ್ ಆಗಲಿಲ್ಲ.

"ಲೇ, ಇದಕ್ಕ ಏನೂ ಆಗಿಲ್ಲ. ನಿಮ್ಮ ಮನಿ ಅರ್ತಿಂಗ್ ನೋಡು ಹೋಗು" ಎಂದ.

ಮನೆಗೆ ಬಂದು ದಾಸವಾಳದ ಗಿಡದ ಪಕ್ಕದ ಅರ್ತಿಂಗ್ ಗುಂಡಿಗೆ ಉಪ್ಪು ಸುರಿದು ನಾಲ್ಕು ಕೊಡ ನೀರು ಹಾಕಿದೆ. ಮರುದಿನ ಬೆಳಿಗ್ಗೆ ಕೂತು ಅರ್ಧ ತಾಸಾಗಿರಲಿಲ್ಲ, ಪರದೆ ಮತ್ತೆ ಕಪ್ಪು.

"ಮಿಕ್ಸಿ ಹಚ್ಚಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕು ನಿನಗ?" ಎಂದು ಅಡುಗೆಮನೆಯ ಕಡೆ ಕೂಗಿದೆ. ಹಾಗೆಂದು ಹೆಂಡತಿಗೆ ಹಿಂದೆ ಒಮ್ಮೆಯೂ ಹೇಳಿರಲಿಲ್ಲ.

"ನಾ ಎಲ್ಲಿ ಮಿಕ್ಸಿ ಹಚ್ಚೀನ್ರಿ? ಕೊತ್ತಂಬರಿ ಸೋಸಾಕತ್ತೀನಿ."

ಸೊಪ್ಪಿನ ಮೊರ ಹಿಡಿದುಕೊಂಡೇ ಬಂದು ಅವಳು ಹೊಸ್ತಿಲ ಬಳಿ ಕೂತಳು. ನಾನು ಮತ್ತೆ ಆನ್ ಮಾಡಿ ಕೆಲಸ ಮುಂದುವರಿಸಿದೆ. ಅವಳು ಸೊಪ್ಪು ಸೋಸುತ್ತ ನನ್ನ ಕಡೆ ನೋಡುತ್ತಿದ್ದಳು.

"ಒಂದು ಹೇಳ್ಲೇನ್ರಿ? ಸಿಟ್ಟಾಗಬಾರ್ದು."

"ಹೇಳು."

"ನಿಮ್ಮ ಕಾಲು ನೋಡ್ರಿ."

ಬಗ್ಗಿ ನೋಡಿದೆ. ನನ್ನ ಬಲಮೊಣಕಾಲು ಹೊಲಿಗೆ ಯಂತ್ರದಂತೆ ಕುಣಿಯುತ್ತಿತ್ತು. ಮೇಜಿನ ಕೆಳಗೆ ಸಿಪಿಯು ಇಟ್ಟಿದ್ದ ಹಲಗೆಗೆ ಕಾಲಿನ ಹೆಬ್ಬೆರಳು ಟಕಟಕ ಬಡಿಯುತ್ತಿತ್ತು. ಮೇಜಿನ ಮೇಲಿನ ಲೋಟದಲ್ಲಿ ನೀರು ನಡುಗುತ್ತಿತ್ತು.

"ಎರಡು ವಾರ ಆತು, ಉಣ್ಣಾಕ ಕುಂತ್ರೂ ಅಲ್ಲಾಡ್ತೈತಿ" ಎಂದಳು.

ನಂಬಿಕೆ ಬರಲಿಲ್ಲ. ಬೇಕೆಂದೇ ಹಲಗೆಗೆ ಕಾಲಿನಿಂದ ಒದ್ದೆ. ನಾಲ್ಕನೇ ಏಟಿಗೆ ಆಫ್ ಆಯಿತು. ಪ್ಲಗ್ ಕಿತ್ತು, ಡಬ್ಬ ಬಿಚ್ಚಿ, ಒಂದೊಂದೇ ವಯರು ಬೆರಳಿನಿಂದ ಹಿಡಿದು ನೋಡುತ್ತ ಹೋದೆ. ಪ್ರೊಸೆಸರಿನ ಫ್ಯಾನಿನ ಹಿಂದೆ, ಕಣ್ಣಿಗೆ ಕಾಣದ ಮೂಲೆಯಲ್ಲಿ, ಪ್ರೊಸೆಸರಿಗೆ ಕರೆಂಟು ಕೊಡುವ ಪ್ಲಗ್ಗು ಅರ್ಧ ಹೊರಗೆ ಬಂದಿತ್ತು. ಚೆಂದ ಕಾಣಲೆಂದು ಆ ವಯರನ್ನು ಹಿಂದಿನಿಂದ ಎಳೆದು ಬಿಗಿದಿದ್ದವನು ನಾನೇ. ಅದನ್ನು ಸಡಿಲ ಮಾಡಿ, ಪ್ಲಗ್ಗು ಅದುಮಿದೆ. ಕೊಕ್ಕೆ ಕೂತ ಸದ್ದು ಸ್ಪಷ್ಟವಾಗಿ ಕೇಳಿಸಿತು. ಎರಡು ವರ್ಷದ ಹಿಂದೆ ಆ ಸದ್ದಿಗೆ ನಾನು ಕಾದಿರಲಿಕ್ಕಿಲ್ಲ. ಹಲಗೆಗೆ ಎಷ್ಟು ಒದ್ದರೂ ಮತ್ತೆ ಆಫ್ ಆಗಲಿಲ್ಲ.

ನಾನು ನಕ್ಕೆ. ಅವಳು ನಗಲಿಲ್ಲ.

"ಕಂಪ್ಯೂಟರಿಂದು ಆತು. ನಿಮಗೇನಾಗೇತಿ?"

ಸುಳ್ಳು ಹುಡುಕಿದೆ, ಸಿಗಲಿಲ್ಲ. ಹೇಳಿಬಿಟ್ಟೆ. ಅವಳು ಮೊಬೈಲಿನ ಬೆಳಕು ಹಚ್ಚಿ, "ಬಾಯಿ ತಗೀರಿ" ಎಂದಳು. ಕೆನ್ನೆಯನ್ನು ಬೆರಳಿನಿಂದ ಎಳೆದು ಬಹಳ ಹೊತ್ತು ನೋಡಿದಳು. ಅವಳ ಕೈಯಲ್ಲಿ ಕೊತ್ತಂಬರಿ ವಾಸನೆ ಇತ್ತು.

"ಇದನ್ನ ಇಷ್ಟು ದಿನ ಒಬ್ರ ಇಟ್ಕೊಂಡು ಅಡ್ಡಾಡಿದ್ರಿ. ನಾ ಯಾಕ ಅದೀನಿ ಮನ್ಯಾಗ?"

ಸಂಜೆ ದೀಪ ಹಚ್ಚಿ ಬಂದವಳು, "ಯಾವತ್ತು ಬರಾಕ ಹೇಳ್ಯಾರ?" ಎಂದು ಕೇಳಿದಳು. ಉಳಿದಿದ್ದ ದಿನಗಳಲ್ಲಿ ನನಗೆ ಕೂತಲ್ಲಿ ಕೂರಲಾಗಲಿಲ್ಲ, ಅವಳಿಗೂ ಅಷ್ಟೇ. ಒಬ್ಬರು ಎದ್ದು ಬಾಗಿಲಿಗೆ ಹೋದರೆ ಇನ್ನೊಬ್ಬರು ಹಿತ್ತಲಿಗೆ ಹೋಗುತ್ತಿದ್ದೆವು.

ದಾವಣಗೆರೆಯಲ್ಲಿ ಡಾಕ್ಟರು ನೋಡಿ, ಮಚ್ಚೆ ತೆಳುವಾಗಿದೆ, ಸದ್ಯ ಚೂರು ತೆಗೆಯುವುದು ಬೇಡ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ನನಗಿಂತ ಮೊದಲು ಅವಳೇ, "ಅಂದ್ರ ಈಗ ಏನಿಲ್ಲ ಅಂತ ತಿಳ್ಕೊಬೌದೇನ್ರಿ?" ಎಂದು ಕೇಳಿದಳು. ಈಗ ಏನಿಲ್ಲ, ತಂಬಾಕು ಮಾತ್ರ ಮುಟ್ಟುವ ಹಾಗಿಲ್ಲ ಎಂದರು ಅವರು. ಅವಳು ಮತ್ತೊಮ್ಮೆ ಅದನ್ನೇ ಕೇಳಿದಳು. ಅವರು ಬೇಸರಿಸದೆ ಮತ್ತೊಮ್ಮೆ ಹೇಳಿದರು.

ವಾಪಸ್ಸು ಬರುವಾಗ ಹರಪನಹಳ್ಳಿಯಲ್ಲಿ ಬಸ್ಸು ನಿಂತಿತು. ಅವಳು ಇಳಿದು ಹೋಗಿ ಹೆಚ್ಚಿದ ಪೇರಲ ಹಣ್ಣನ್ನು ಎರಡು ಬೇರೆ ಬೇರೆ ಕಾಗದದಲ್ಲಿ ಕಟ್ಟಿಸಿಕೊಂಡು ಬಂದಳು. ನನ್ನದಕ್ಕೆ ಖಾರ ಹಚ್ಚಿಸಿರಲಿಲ್ಲ.